ಹಾಸನದ ಪಿನ್ ಕೋಡ್ 573201 ಅನ್ನು ಕೈಯಲ್ಲೇ ಒಡೆದ ಬಗೆ

ಒಂದು ಹಾಳೆ, ಪೆನ್ನು, ಎಂಟಂಕಿಯ ಅಂಗಡಿ ಕ್ಯಾಲ್ಕುಲೇಟರ್. ಈ ಸಂಖ್ಯೆಯನ್ನು ಅವಿಭಾಜ್ಯಗಳ (1 ಮತ್ತು ತನ್ನಿಂದ ಮಾತ್ರ ಭಾಗವಾಗುವ ಸಂಖ್ಯೆಗಳ) ಗುಣಲಬ್ಧವಾಗಿ ಒಡೆಯಲು ಇಷ್ಟು ಸಾಕಾಯಿತು.

573201ರ ಅಂಕಿಗಳನ್ನು ಕೂಡಿದರೆ 18. ಹಾಗಾಗಿ 9ರಿಂದ ಭಾಗಿಸಿದೆ, 63689 ಬಂತು. ಇದರ ಅಂಕಿಗಳ ಮೊತ್ತ 32. ಇನ್ನು 3 ಹೋಗದು. 7, 11, 13 ಮೂರನ್ನೂ ಒಂದೇ ಏಟಿಗೆ ನೋಡಬಹುದು, ಏಕೆಂದರೆ ಅವುಗಳ ಗುಣಲಬ್ಧ 1001. ಕೊನೆಯ ಮೂರಂಕಿಯಿಂದ ಅದರ ಎಡಕ್ಕಿರುವುದನ್ನು ಕಳೆಯಿರಿ: 689 − 63 = 626. ಈ 626 ಮೂರರಲ್ಲಿ ಯಾವುದಕ್ಕೂ ಭಾಗವಾಗದು, ಆದ್ದರಿಂದ 63689 ಕೂಡ ಆಗದು.

ಮುಂದಿನದು ಬೇಸರದ ಕೆಲಸ: 17ರಿಂದ 251ರವರೆಗಿನ 48 ಅವಿಭಾಜ್ಯಗಳಿಂದ ಒಂದೊಂದಾಗಿ ಭಾಗಿಸುವುದು. 63689ರ ವರ್ಗಮೂಲ 252 ಚಿಲ್ಲರೆ ಇರುವುದರಿಂದ 251 ಬಿಡುವಂತಿಲ್ಲ. 257ರ ವರ್ಗ 66049, ಅದು ಬೇಡ. ಪಟ್ಟಿಯಲ್ಲಿ 91, 221 ನುಸುಳಿದರೆ ಸಮಯ ಹಾಳು, ಅಷ್ಟೇ. ನಿಜವಾದ ಅವಿಭಾಜ್ಯ ಒಂದು ತಪ್ಪಿಹೋದರೆ ಉತ್ತರವೇ ಹಾಳು. ಎಡವುವ ಜಾಗ 193: ಪರದೆಯಲ್ಲಿ 329.99481 ಕಾಣುತ್ತದೆ, 330 ಎಂದುಕೊಳ್ಳಲು ಕೈ ತುರಿಸುತ್ತದೆ. ಹಿಂದಕ್ಕೆ ಗುಣಿಸಿ ನೋಡಿ, 193 × 330 = 63690. ಒಂದು ಹೆಚ್ಚು! ದಶಮಾಂಶವನ್ನು ನಂಬದೆ ಶೇಷವನ್ನೇ ಬರೆದುಕೊಳ್ಳುವುದು ಇದಕ್ಕೇ. ಯಾವುದೂ ಹೋಗಲಿಲ್ಲ, 63689 ಅವಿಭಾಜ್ಯ. ಅಲ್ಲಿಗೆ 573201 = 3² × 63689, ಭಾಜಕಗಳು ಆರು, ಅವುಗಳ ಮೊತ್ತ 13 × 63690 = 827970.

ನನಗೆ ರುಚಿ ಹತ್ತಿದ್ದು ಇದರ ನಂತರ. 4ರಿಂದ ಭಾಗಿಸಿದಾಗ 1 ಉಳಿಯುವ ಅವಿಭಾಜ್ಯವನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದು, ಅದೂ ಒಂದೇ ರೀತಿಯಲ್ಲಿ. ಗಣಿತಜ್ಞ ಫರ್ಮಾ ಹೇಳಿದ್ದು, ಇನ್ನೊಬ್ಬ ಗಣಿತಜ್ಞ ಆಯ್ಲರ್ ಸಾಧಿಸಿದ್ದು. 63689 ಅಂಥದ್ದೇ. ಆ ಎರಡು ವರ್ಗಗಳನ್ನು ಸುಮ್ಮನೆ ತಡಕಬೇಕಿಲ್ಲ. 8ರಿಂದ ಭಾಗಿಸಿದರೂ ಶೇಷ 1, ಆದ್ದರಿಂದ ವರ್ಗ ಮಾಡುವ ಎರಡರಲ್ಲಿ ಸಮಸಂಖ್ಯೆಯಾದದ್ದು 4ರ ಅಪವರ್ತ್ಯ ಆಗಿರಲೇಬೇಕು. ಮೊತ್ತದ ಕೊನೆಯಂಕಿ 9 ಆಗಬೇಕಾದರೆ ಅದು 0, 2 ಅಥವಾ 8ರಲ್ಲಿ ಮುಗಿಯಬೇಕು. 8, 12, 20, 28, 32 ಹೀಗೆ ವರ್ಗ ಕಳೆಯುತ್ತ ಹೋದರೆ ಹದಿನಾಲ್ಕನೆಯದು 92: 63689 − 8464 = 55225, ಅಂದರೆ 235ರ ವರ್ಗ. ಎರಡನ್ನೂ 3ರಿಂದ ಗುಣಿಸಿದರೆ 573201 = 705² + 276².

ಚಿಕ್ಕಮಗಳೂರಿನ 577101ಕ್ಕೆ ಈ ಭಾಗ್ಯ ಇಲ್ಲ. 4ರಿಂದ ಭಾಗಿಸಿದರೆ ಅಲ್ಲೂ 1 ಉಳಿಯುತ್ತದೆ, ಅದಕ್ಕೆ ಮೋಸಹೋಗಬಾರದು. ಅದು 3 × 7 × 27481. 4ರಿಂದ ಭಾಗಿಸಿದಾಗ ಶೇಷ 3 ಕೊಡುವ ಅವಿಭಾಜ್ಯ ಬೆಸ ಸಲ ಬಂದರೆ ಎರಡು ವರ್ಗಗಳ ಮೊತ್ತ ಆಗುವುದಿಲ್ಲ. ಇಲ್ಲಿ 3 ಒಂದು ಸಲ, 7 ಒಂದು ಸಲ. ಹಾಸನದಲ್ಲಿ 3 ಎರಡು ಸಲ ಬಂದದ್ದರಿಂದ ಬಚಾವು.

ಎರಡನ್ನೂ ಜೋಡಿಸಿ 577101573201 ಮಾಡಿದರೆ ವರ್ಗಮೂಲ ಏಳೂವರೆ ಲಕ್ಷ ದಾಟುತ್ತದೆ, ಕೈಲೆಕ್ಕಕ್ಕೆ ಒಗ್ಗದು. ಆದರೂ ಎರಡು ವರ್ಗಗಳ ಪ್ರಶ್ನೆಗೆ ಪೂರ್ತಿ ಒಡೆಯುವುದೇ ಬೇಡ. ಅಂಕಿಗಳ ಮೊತ್ತ 39: 3 ಹೋಗುತ್ತದೆ, 9 ಹೋಗುವುದಿಲ್ಲ, ಅಂದರೆ 3 ಒಂದೇ ಸಲ. ಆಗದು.