ಮನೆಯ ಕಂಪ್ಯೂಟರ್‌ಗೆ ಎರಡನೇ ಹಾರ್ಡ್ ಡಿಸ್ಕ್: ಕೊಳ್ಳುವುದರಿಂದ ಫಾರ್ಮ್ಯಾಟ್‌ವರೆಗೆ

ಹೊಸ ಹಾರ್ಡ್ ಡಿಸ್ಕ್ ಕೂರಿಸುವುದು ಕಾಲು ಗಂಟೆಯ ಕೆಲಸ. ನಾಲ್ಕು ತಿರುಪು, ಎರಡು ಕೇಬಲ್, ಅಷ್ಟೇ. ಎಡವಟ್ಟು ಆಗುವುದು ಅದಕ್ಕೆ ಮುಂಚೆ ಮತ್ತು ಅದಾದ ಮೇಲೆ: ಅಂಗಡಿಯಲ್ಲಿ ತಪ್ಪು ಡಿಸ್ಕ್ ಕೊಂಡಾಗ, ಕರೆಂಟಿನ ಕೇಬಲ್ ಸಿಗಲಿಲ್ಲವೆಂದು ಕೈಗೆ ಸಿಕ್ಕಿದ್ದನ್ನು ಜೋಡಿಸಿದಾಗ, ಕೊನೆಗೆ ಪರದೆಯ ಮೇಲೆ ಕಾಣುವ ಎರಡು ಡಿಸ್ಕ್‌ಗಳಲ್ಲಿ ಫೋಟೊ ತುಂಬಿದ ಹಳೆಯದನ್ನೇ ಅಳಿಸಿದಾಗ. ಹಾಗಾಗಿ ಇಲ್ಲಿ ಸ್ಕ್ರೂಡ್ರೈವರ್‌ಗಿಂತ ಈ ಮೂರಕ್ಕೇ ಹೆಚ್ಚು ಜಾಗ.

ಏನು ಕೊಳ್ಳಬೇಕು

ವಿಂಡೋಸ್ ಈಗಲೂ ತಿರುಗುವ ಹಾರ್ಡ್ ಡಿಸ್ಕ್‌ನಲ್ಲೇ ಇದ್ದರೆ ಇನ್ನೊಂದು ಹಾರ್ಡ್ ಡಿಸ್ಕ್ ಕೊಳ್ಳಬೇಡಿ. ಆ ದುಡ್ಡಿಗೆ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ವೇಗದ ಡಿಸ್ಕ್) ತಂದು, ವಿಂಡೋಸನ್ನು ಅದಕ್ಕೆ ಹಾಕಿ, ಹಳೆಯದನ್ನು ಫೈಲ್ ಇಡಲು ಉಳಿಸಿಕೊಳ್ಳಿ. ಕಂಪ್ಯೂಟರ್ ನಿಧಾನ ಎಂಬ ದೂರು ಅಲ್ಲಿಗೇ ಮುಗಿಯುತ್ತದೆ. ವಿಂಡೋಸ್ ಆಗಲೇ ಎಸ್‌ಎಸ್‌ಡಿಯಲ್ಲಿದ್ದು, ಮದುವೆ ವಿಡಿಯೊ, ದಸರಾ ಫೋಟೊ, ಮಕ್ಕಳ ಪಾಠದ ರೆಕಾರ್ಡಿಂಗ್ ಇಡಲು ಜಾಗ ಸಾಲದಿದ್ದರೆ ಮಾತ್ರ 3.5 ಇಂಚಿನ ಹಾರ್ಡ್ ಡಿಸ್ಕ್ ಸರಿಯಾದ ಆಯ್ಕೆ. ಒಂದು ಜಿಬಿಗೆ ತಗಲುವ ಖರ್ಚಿನಲ್ಲಿ ಅದೇ ಅಗ್ಗ.

ಡಿಸ್ಕ್‌ನ ವಿವರದಲ್ಲಿ ಎಸ್‌ಎಂಆರ್ ಅಥವಾ ಸಿಎಂಆರ್ ಎಂದಿರುತ್ತದೆ. ಎಸ್‌ಎಂಆರ್ ಡಿಸ್ಕ್‌ನಲ್ಲಿ ದತ್ತಾಂಶದ ಪಟ್ಟಿಗಳು ಹೆಂಚು ಹೊದಿಸಿದಂತೆ ಒಂದರ ಅಂಚಿನ ಮೇಲೊಂದು ಕೂರುತ್ತವೆ. ಒಂದನ್ನು ಬದಲಿಸಲು ಪಕ್ಕದವನ್ನೂ ಮತ್ತೆ ಬರೆಯಬೇಕು. ಸಿಎಂಆರ್‌ನಲ್ಲಿ ಪಟ್ಟಿಗಳು ಬೇರೆಬೇರೆಯಾಗಿಯೇ ಇರುತ್ತವೆ. ಒಮ್ಮೆ ತುಂಬಿಸಿ ಆಮೇಲೆ ನೋಡುವುದಷ್ಟೇ ಆದರೆ ತೊಂದರೆಯಿಲ್ಲ. ದಿನವೂ ದೊಡ್ಡ ವಿಡಿಯೊ ಎಡಿಟ್ ಮಾಡುವವರು ಸಿಎಂಆರ್ ಕೇಳಿ ತೆಗೆದುಕೊಳ್ಳಿ. ಸಿಸಿಟಿವಿಗೆಂದೇ ಮಾರುವ ಡಿಸ್ಕ್ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ. ಫೈಲ್ ಇಡಲು ಅದೂ ನಡೆಯುತ್ತದೆ. ಆದರೆ ಸಿಸಿಟಿವಿ ಪೆಟ್ಟಿಗೆಯಿಂದ ಬಿಚ್ಚಿ ಒರೆಸಿ ‘ಹೊಸದು’ ಎಂದು ಕೊಡುವುದೂ ಉಂಟು. ಸೀರಿಯಲ್ ನಂಬರನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ ವಾರಂಟಿ ಎಲ್ಲಿಯವರೆಗೆ ಇದೆ ಎಂದು ಅಂಗಡಿಯಲ್ಲೇ ನಿಂತು ನೋಡಿ. ಬಿಲ್‌ನಲ್ಲಿ ಆ ನಂಬರ್ ಬರೆಸಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸ್ವಲ್ಪ ಅಗ್ಗವಾಗಬಹುದು, ನಿಜ. ಕೆಟ್ಟರೆ ಬದಲಿಸಲು ಮೈಸೂರು, ಮಂಡ್ಯದಿಂದ ಮತ್ತೆ ರೈಲು ಹತ್ತಬೇಕು ಎಂಬುದನ್ನೂ ಲೆಕ್ಕಕ್ಕೆ ಸೇರಿಸಿ.

ದುಡ್ಡು ಕೊಡುವ ಮೊದಲು ಮನೆಯಲ್ಲಿ ಒಮ್ಮೆ ಕ್ಯಾಬಿನೆಟ್ ತೆರೆದು ಮೂರು ಸಂಗತಿ ನೋಡಿ: ಮದರ್‌ಬೋರ್ಡ್‌ನಲ್ಲಿ ಖಾಲಿ ಸಾಟಾ ಪೋರ್ಟ್ (ಡಿಸ್ಕ್‌ನ ಡೇಟಾ ಕೇಬಲ್ ಸಿಕ್ಕಿಸುವ ಜಾಗ) ಇದೆಯೇ, ಎಸ್‌ಎಂಪಿಎಸ್‌ನಿಂದ (ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಪೆಟ್ಟಿಗೆ) ಬರುವ ಚಪ್ಪಟೆ ಸಾಟಾ ಪವರ್ ಕನೆಕ್ಟರ್ ಒಂದಾದರೂ ಖಾಲಿ ಇದೆಯೇ, 3.5 ಇಂಚಿನ ಗೂಡು ಖಾಲಿ ಇದೆಯೇ. ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು ಹೋದರೆ ಅಂಗಡಿಯವರ ಜತೆ ಮಾತು ಸಲೀಸು. ಸಾಟಾ ಡೇಟಾ ಕೇಬಲ್ ಬಹುತೇಕ ಡಿಸ್ಕ್ ಜತೆ ಬರುವುದಿಲ್ಲ, ಬೇರೆಯೇ ಕೊಳ್ಳಬೇಕು. 45-50 ಸೆಂ.ಮೀ. ಉದ್ದ ಸಾಕು. ತುದಿಯಲ್ಲಿ ಸ್ಟೀಲ್ ಕ್ಲಿಪ್ ಇರುವುದನ್ನೇ ಆರಿಸಿ, ಇಲ್ಲದಿದ್ದರೆ ಫ್ಯಾನಿನ ಅದುರಿಗೆ ಸಡಿಲವಾಗುತ್ತದೆ. ತಿರುಪು ನಾಲ್ಕು ಬೇಕು. 3.5 ಇಂಚಿನ ಡಿಸ್ಕ್‌ಗೆ ದಪ್ಪ ಮರೆಯ (ಸುರುಳಿ ಗೀರಿನ) ಗಿಡ್ಡ ತಿರುಪು, 2.5 ಇಂಚಿನ ಎಸ್‌ಎಸ್‌ಡಿಗೆ ಸಣ್ಣ ಮರೆಯ ಎಂ3. ಒಂದರದ್ದನ್ನು ಇನ್ನೊಂದಕ್ಕೆ ಒತ್ತಿ ತಿರುಗಿಸಿದರೆ ಮರೆ ಹಾಳಾಗುತ್ತದೆ.

ಕರೆಂಟ್ ಎಲ್ಲಿಂದ

ಹಾರ್ಡ್ ಡಿಸ್ಕ್ ತಿರುಗಲು ಶುರುವಾಗುವ ಕೆಲವು ಸೆಕೆಂಡು 20-25 ವ್ಯಾಟ್ ಎಳೆಯುತ್ತದೆ, ಆಮೇಲೆ ಐದರಿಂದ ಎಂಟು. ಚೆನ್ನಾಗಿರುವ 450 ವ್ಯಾಟ್‌ನ ಎಸ್‌ಎಂಪಿಎಸ್‌ಗೆ ಇದು ಲೆಕ್ಕಕ್ಕೇ ಇಲ್ಲ. ತೊಂದರೆ ಇರುವುದು ಕನೆಕ್ಟರ್‌ನಲ್ಲಿ.

ಖಾಲಿ ಸಾಟಾ ಪವರ್ ಇಲ್ಲದಿದ್ದರೆ ಅಂಗಡಿಯಲ್ಲಿ ಹಳೆಯ ನಾಲ್ಕು ಪಿನ್ನಿನ ಮೋಲೆಕ್ಸ್‌ನಿಂದ ಸಾಟಾಕ್ಕೆ ಹೋಗುವ ಅಡಾಪ್ಟರ್ ಕೊಡುತ್ತಾರೆ. ಅದರ ಸಾಟಾ ತುದಿಯನ್ನು ನೋಡಿ. ವೈರ್‌ಗಳ ಸುತ್ತ ಪ್ಲಾಸ್ಟಿಕ್ ಕರಗಿಸಿ ಒಂದೇ ಅಚ್ಚಿನಲ್ಲಿ ಹೊಯ್ದಿದ್ದರೆ ಬೇಡವೆನ್ನಿ. ಸಾಟಾ ಪವರ್‌ನ 15 ಪಿನ್‌ಗಳ ನಡುವೆ ಅಂತರ 1.27 ಮಿ.ಮೀ. ಮಾತ್ರ. ಅಚ್ಚು ಹೊಯ್ಯುವಾಗ ವೈರ್ ಕೊಂಚ ಸರಿದರೂ ಒಳಗೆ 12 ವೋಲ್ಟಿನ ಪಿನ್ನೂ ಅರ್ತಿನ ಪಿನ್ನೂ ಹತ್ತಿರವಾಗುತ್ತವೆ. ತಿಂಗಳುಗಟ್ಟಲೆ ಏನೂ ಆಗದೆ ಒಂದು ದಿನ ಪ್ಲಾಸ್ಟಿಕ್ ಕರಗಿ ಹೊಗೆಯೇಳುತ್ತದೆ, ಡಿಸ್ಕ್‌ನ ಬೋರ್ಡೂ ಸುಡುತ್ತದೆ. ವೈರ್‌ಗಳನ್ನು ಒಂದೊಂದಾಗಿ ಒತ್ತಿ ಕೂರಿಸಿ, ಮೇಲೆ ಮುಚ್ಚಳ ಹಾಕಿದ ಬಗೆಯದು ಪರವಾಗಿಲ್ಲ. ಅದಕ್ಕಿಂತ ಸಾಟಾದಿಂದ ಎರಡು ಸಾಟಾಕ್ಕೆ ಕವಲೊಡೆಯುವ ಕೇಬಲ್ ಮೇಲು. ಒಂದರಿಂದ ಎರಡು ಡಿಸ್ಕ್‌ಗೆ ಹಂಚಿದರೆ ಸಾಕು, ನಾಲ್ಕಕ್ಕೆ ಹೋಗಬೇಡಿ.

ಬಿಚ್ಚಿ ಹಾಕುವ ಕೇಬಲ್‌ಗಳಿರುವ ಮಾಡ್ಯುಲರ್ ಎಸ್‌ಎಂಪಿಎಸ್ ಇದ್ದವರಿಗೆ ಇನ್ನೊಂದು ಎಚ್ಚರ. ಒಂದು ಕಂಪನಿಯ ಕೇಬಲ್ ಇನ್ನೊಂದರ ತೂತಿಗೆ ಸರಿಯಾಗಿ ಕೂರುತ್ತದೆ, ಒಳಗಿನ ವೈರ್‌ಗಳ ಕ್ರಮ ಮಾತ್ರ ಬೇರೆ. ಐದು ವೋಲ್ಟ್ ಹೋಗಬೇಕಾದಲ್ಲಿ 12 ಹೋದರೆ ಡಿಸ್ಕ್ ಆ ಕ್ಷಣವೇ ಸತ್ತಿತು. ಪೆಟ್ಟಿಗೆಯಲ್ಲಿ ಬಂದ ಕೇಬಲ್ ಬಿಟ್ಟು ಬೇರೆಯದು ಬೇಡ.

ಆಫೀಸಿನಿಂದ ಹೊರಬಂದ ಸೆಕೆಂಡ್‌ಹ್ಯಾಂಡ್ ಬ್ರಾಂಡೆಡ್ ಡೆಸ್ಕ್‌ಟಾಪ್ ಮನೆಯಲ್ಲಿದೆಯೇ? ಡೆಲ್, ಎಚ್‌ಪಿ, ಲೆನೋವೊಗಳ ಅನೇಕ ಮಾದರಿಗಳಲ್ಲಿ ಎಸ್‌ಎಂಪಿಎಸ್‌ನಿಂದ ಸಾಟಾ ಪವರ್ ಬರುವುದೇ ಇಲ್ಲ. ಮದರ್‌ಬೋರ್ಡ್ ಮೇಲಿನ ಸಣ್ಣ ಕನೆಕ್ಟರ್‌ನಿಂದ ಬರುತ್ತದೆ, ಅದಕ್ಕೆ ಆಯಾ ಮಾದರಿಯದೇ ಕೇಬಲ್ ಬೇಕು. ಮಾದರಿಯ ನಂಬರ್ ಹೇಳಿ ಅದನ್ನು ಮೊದಲು ತರಿಸಿ, ಡಿಸ್ಕ್ ಆಮೇಲೆ.

ಕೂರಿಸುವುದು

1. ಶಿಫ್ಟ್ ಕೀ ಒತ್ತಿಹಿಡಿದು ಶಟ್ ಡೌನ್ ಮಾಡಿ. ಬರೀ ಶಟ್ ಡೌನ್ ಕೊಟ್ಟರೆ ವಿಂಡೋಸ್ ಸಾಮಾನ್ಯವಾಗಿ ಅರೆನಿದ್ದೆಗೆ ಹೋಗುತ್ತದೆ, ಪೂರ್ತಿ ನಿಲ್ಲುವುದಿಲ್ಲ. ಗೋಡೆಯ ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡು ಒತ್ತಿ. ಒಳಗೆ ಉಳಿದ ಚಾರ್ಜ್ ಇಳಿಯುತ್ತದೆ.

2. ಮುಂಭಾಗ ನಿಮ್ಮ ಕಡೆಗಿದ್ದರೆ ಸಾಮಾನ್ಯವಾಗಿ ಎಡಗಡೆಯ ತಗಡು ಬಿಚ್ಚಬೇಕು. ಹಿಂದೆ ಎರಡು ತಿರುಪು ಇರುತ್ತವೆ. ಧೂಳನ್ನು ಮೆತ್ತನೆಯ ಬ್ರಷ್‌ನಿಂದ ತೆಗೆಯಿರಿ, ಫ್ಯಾನ್ ತಿರುಗದಂತೆ ಬೆರಳಿಟ್ಟುಕೊಳ್ಳಿ. ಮಂಡ್ಯದ ಕಡೆ ಗದ್ದೆಯಲ್ಲಿ ಕಬ್ಬಿನ ಸೋಗೆ ಸುಟ್ಟಾಗ ಹಾರಿ ಬರುವ ಕರಿ, ಆಯುಧಪೂಜೆಯಲ್ಲಿ ಕ್ಯಾಬಿನೆಟ್‌ಗೆ ಹಚ್ಚಿದ ಅರಿಸಿನ ಕುಂಕುಮ, ಎರಡೂ ಫ್ಯಾನಿನ ಮೂಲಕ ಒಳಗೆ ಸೇರಿರುತ್ತವೆ. ಹಿಂಬದಿಯ ತಗಡಿನ ಪಟ್ಟಿ ಯಾವುದಾದರೂ ಬಿದ್ದುಹೋಗಿದ್ದರೆ ಹಾಕಿಸಿ. ಹಲ್ಲಿ ನುಗ್ಗುವುದು ಅಲ್ಲಿಂದಲೇ, ಎಸ್‌ಎಂಪಿಎಸ್ ಸುಡುವುದಕ್ಕೆ ಒಂದು ಹಲ್ಲಿ ಸಾಕು.

3. ಡಿಸ್ಕ್ ಮುಟ್ಟುವ ಮೊದಲು ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹದ ಭಾಗ ಮುಟ್ಟಿ. ಡಿಸ್ಕನ್ನು ಅಂಚಿನಲ್ಲಿ ಹಿಡಿಯಿರಿ, ಕೆಳಗಿನ ಹಸಿರು ಬೋರ್ಡ್ ಮುಟ್ಟಬೇಡಿ. ಗೂಡಿಗೆ ಸರಿಸಿ, ಎರಡು ಬದಿಯಲ್ಲೂ ಎರಡೆರಡು ತಿರುಪು ಹಾಕಿ. ಉದ್ದ ತಿರುಪು ಒಳಗೆ ತಾಗಬಹುದು, ಗಿಡ್ಡದೇ ಇರಲಿ. ಮೇಲಿನ ಸಣ್ಣ ಗಾಳಿಯ ರಂಧ್ರವನ್ನು ಯಾವ ಟೇಪಿನಿಂದಲೂ ಮುಚ್ಚಬಾರದು. ಅಡ್ಡಲಾಗಿ, ನೆಟ್ಟಗೆ ಹೇಗೆ ಕೂರಿಸಿದರೂ ಸರಿ, ತೂಗಾಡುತ್ತಾ ಬಿಡುವುದು ಮಾತ್ರ ಸಲ್ಲದು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗ ಇಲ್ಲವಾದ್ದರಿಂದ ಗೂಡು ಸಿಗದಿದ್ದರೆ ಡಬಲ್ ಟೇಪ್ ಹಾಕಿ ಅಂಟಿಸಿದರೂ ನಡೆಯುತ್ತದೆ.

4. ಸಾಟಾ ಕೇಬಲ್‌ನ ಬಾಯಿ ‘ಎಲ್’ ಆಕಾರ. ಒಂದೇ ದಿಕ್ಕಿನಲ್ಲಿ ಹೋಗುತ್ತದೆ, ಒತ್ತಾಯ ಬೇಡ. ಹಳೆಯ ಡಿಸ್ಕ್‌ನ ಕೇಬಲನ್ನು ಅದರ ಪೋರ್ಟ್‌ನಿಂದ ಕದಲಿಸಬೇಡಿ. ಹೊಸದನ್ನು ಮುಂದಿನ ಖಾಲಿ ಪೋರ್ಟ್‌ಗೆ ಹಾಕಿ.

ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ ಎನ್ನುವ ಮನೆಗಳು ಇವೆ, ಅದರಲ್ಲೂ ಹಳೆಯ ವೈರಿಂಗ್ ಇರುವಲ್ಲಿ. ಎಸ್‌ಎಂಪಿಎಸ್‌ನ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳು ಸೋರುವ ಅಲ್ಪ ಕರೆಂಟು ಅರ್ತ್ ಮೂಲಕ ಹೋಗಬೇಕು. ಮೂರನೇ ಪಿನ್‌ಗೆ ಅರ್ತ್ ಸಿಗದಿದ್ದರೆ ಅದು ತಗಡಿನಲ್ಲೇ ನಿಲ್ಲುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ ಅರ್ತ್ ಸರಿಮಾಡಿಸಿದ ಮೇಲೆ ಡಿಸ್ಕ್ ಹಾಕಿ. ಟು ಪಿನ್ ಕನ್ವರ್ಟರ್ ಇಟ್ಟು ಕಾಲ ತಳ್ಳುವುದು ತರವಲ್ಲ.

ಪರದೆಯ ಮೇಲೆ

ತಗಡು ಮುಚ್ಚುವ ಮೊದಲೇ ಆನ್ ಮಾಡಿ, ಡಿಲೀಟ್ ಅಥವಾ ಎಫ್2 ಒತ್ತುತ್ತಾ ಬಯೋಸ್‌ಗೆ (ವಿಂಡೋಸ್‌ಗೂ ಮೊದಲು ಬರುವ ಸೆಟ್ಟಿಂಗ್‌ಗಳ ಪರದೆ) ಹೋಗಿ. ಹೊಸ ಡಿಸ್ಕ್‌ನ ಹೆಸರು ಅಲ್ಲಿ ಕಂಡರೆ ಕೇಬಲ್ ಕೆಲಸ ಸರಿಯಾಗಿದೆ. ‘ಬೂಟ್ ಡಿವೈಸ್ ಸಿಗಲಿಲ್ಲ’ ಎಂಬರ್ಥದ ಸಂದೇಶ ಬಂದು ವಿಂಡೋಸ್ ಏಳದಿದ್ದರೆ ಗಾಬರಿ ಬೇಡ. ಕಂಪ್ಯೂಟರ್ ಖಾಲಿ ಡಿಸ್ಕ್‌ನಿಂದ ಏಳಲು ನೋಡುತ್ತಿದೆ. ಬೂಟ್ ಪಟ್ಟಿಯಲ್ಲಿ ಹಳೆಯದನ್ನು, ಅಥವಾ ವಿಂಡೋಸ್ ಬೂಟ್ ಮ್ಯಾನೇಜರ್ ಎಂದಿರುವುದನ್ನು ಮೇಲಕ್ಕೆ ತನ್ನಿ.

ವಿಂಡೋಸ್ ಎದ್ದರೂ ‘ದಿಸ್ ಪಿಸಿ’ಯಲ್ಲಿ ಹೊಸ ಡ್ರೈವ್ ಇರುವುದಿಲ್ಲ. ವಿಂಡೋಸ್ ಕೀ ಜತೆ ಎಕ್ಸ್ ಒತ್ತಿ, ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಇನಿಶಿಯಲೈಸ್ ಮಾಡಲೇ, ಅಂದರೆ ಖಾಲಿ ಡಿಸ್ಕನ್ನು ಬಳಕೆಗೆ ಸಿದ್ಧಮಾಡಲೇ ಎಂದು ಕೇಳುತ್ತದೆ. ಜಿಪಿಟಿ ಆರಿಸಿ. ಎರಡೂ ಡಿಸ್ಕ್‌ನ ಜಾಗವನ್ನು ವಿಂಗಡಿಸಿ ಗುರುತಿಡುವ ಪದ್ಧತಿಗಳು. ಎಂಬಿಆರ್ ಹಳೆಯದು, ಅದು 2 ಟಿಬಿಗಿಂತ ಮೇಲಿನ ಜಾಗವನ್ನು ಬಳಸಲಾರದು. 4 ಟಿಬಿ ಕೊಂಡು ಅರ್ಧ ಕಳೆದುಕೊಳ್ಳುವುದು ಹೀಗೇ.

ಇಲ್ಲಿ ನಿಲ್ಲಿ. ಈ ಡಿಸ್ಕ್ ಹೊಸದಲ್ಲ, ಹಳೆಯ ಕಂಪ್ಯೂಟರ್‌ನಿಂದ ಬಿಚ್ಚಿದ್ದು, ಅದರಲ್ಲಿ ಫೈಲ್‌ಗಳಿವೆ ಎಂದಾದರೆ ಇನಿಶಿಯಲೈಸ್‌ಗೂ ಫಾರ್ಮ್ಯಾಟ್‌ಗೂ ಒಪ್ಪಲೇಬೇಡಿ. ಕ್ಯಾನ್ಸಲ್ ಒತ್ತಿ. ಸರಿಯಾಗಿರುವ ಹಳೆಯ ಡಿಸ್ಕ್ ಈ ಪ್ರಶ್ನೆ ಕೇಳುವುದಿಲ್ಲ. ಕೇಳಿದರೆ ಅದರ ವಿಭಜನೆಯ ಪಟ್ಟಿ (ಪಾರ್ಟಿಶನ್ ಟೇಬಲ್) ಕೆಟ್ಟಿದೆ, ದತ್ತಾಂಶ ಇನ್ನೂ ಇರಬಹುದು.

ಹೊಸ ಡಿಸ್ಕ್ ಆದರೆ ಕೆಳಗಿನ ಸಾಲುಗಳಲ್ಲಿ ‘ಅನ್‌ಅಲೊಕೇಟೆಡ್’ ಎಂದು ಕಪ್ಪು ಪಟ್ಟಿಯಿರುವ ಸಾಲು ನಿಮ್ಮದು. ಅದರ ಗಾತ್ರ ಓದಿ. 1 ಟಿಬಿ ಡಿಸ್ಕ್ 931 ಜಿಬಿ ಎಂದು, 2 ಟಿಬಿ ಸುಮಾರು 1863 ಜಿಬಿ ಎಂದು ಕಾಣುತ್ತದೆ. ಅಂಗಡಿಯವರು ಮೋಸ ಮಾಡಿಲ್ಲ. ಕಂಪನಿ ಸಾವಿರದ ಲೆಕ್ಕದಲ್ಲಿ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಎರಡೂ ಡಿಸ್ಕ್ ಒಂದೇ ಗಾತ್ರದವಾಗಿದ್ದರೆ ಹೆಸರಿನ ಮೇಲೆ ಬಲಕ್ಲಿಕ್ ಮಾಡಿ ಪ್ರಾಪರ್ಟೀಸ್‌ನಲ್ಲಿ ಮಾದರಿಯ ಹೆಸರು ನೋಡಿ, ಪೆಟ್ಟಿಗೆಯ ಮೇಲಿನದಕ್ಕೆ ತಾಳೆ ಹಾಕಿ. ಆಮೇಲೆ ಕಪ್ಪು ಪಟ್ಟಿಯ ಕೆಳಗೆ ಬಲಕ್ಲಿಕ್, ನ್ಯೂ ಸಿಂಪಲ್ ವಾಲ್ಯೂಮ್, ಎನ್‌ಟಿಎಫ್‌ಎಸ್, ಅಲೊಕೇಶನ್ ಯೂನಿಟ್ ಡೀಫಾಲ್ಟ್. ಡ್ರೈವ್‌ಗೆ ಗುರುತು ಸಿಗುವ ಹೆಸರು ಕೊಡಿ. ‘ನ್ಯೂ ವಾಲ್ಯೂಮ್’ ಎಂದೇ ಬಿಟ್ಟರೆ ಮುಂದೆ ಗೊಂದಲ.

ಕ್ವಿಕ್ ಫಾರ್ಮ್ಯಾಟ್ ಟಿಕ್ ಇದ್ದರೆ ಕೆಲವೇ ಸೆಕೆಂಡಿನಲ್ಲಿ ಮುಗಿಯುತ್ತದೆ. ಹಾರ್ಡ್ ಡಿಸ್ಕ್‌ಗೆ ಆ ಟಿಕ್ ತೆಗೆಯುವುದು ಒಳ್ಳೆಯದು. ಆಗ ವಿಂಡೋಸ್ ಡಿಸ್ಕ್‌ನ ಉದ್ದಕ್ಕೂ ಬರೆದು ನೋಡುತ್ತದೆ, 2 ಟಿಬಿಗೆ ನಾಲ್ಕು ಗಂಟೆಯಾದರೂ ಹಿಡಿಯುತ್ತದೆ, ಹುಟ್ಟಿನಿಂದಲೇ ದೋಷವಿರುವ ಡಿಸ್ಕ್ ಅಷ್ಟರಲ್ಲಿ ಬಹುಪಾಲು ಸಿಕ್ಕಿಬೀಳುತ್ತದೆ. ಕರೆಂಟ್ ಹೋಗುವ ಸೂಚನೆ ಇರದ ದಿನ ಇದನ್ನು ಹಚ್ಚಿ. ಮನೆಯಲ್ಲಿ ಇನ್ವರ್ಟರ್ ಇದ್ದು ಅದರ ಹಿಂದೆ ಯುಪಿಎಸ್ ಮೋಡ್ ಎಂಬ ಸ್ವಿಚ್ ಇದ್ದರೆ ಅತ್ತ ಹಾಕಿ. ಸಾಧಾರಣ ಮೋಡ್‌ನಲ್ಲಿ ಬದಲಾಗುವ ಆ ಕ್ಷಣದಲ್ಲೇ ಕಂಪ್ಯೂಟರ್ ರೀಸ್ಟಾರ್ಟ್ ಆಗಬಹುದು.

ಫೈಲ್ ಸಾಗಿಸುವಾಗ

ಪಿಕ್ಚರ್ಸ್, ಡಾಕ್ಯುಮೆಂಟ್ಸ್ ಫೋಲ್ಡರ್‌ಗಳ ಮೇಲೆ ಬಲಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನ ಲೊಕೇಶನ್‌ನಲ್ಲಿ ಹೊಸ ಜಾಗ ತೋರಿಸಬಹುದು. ಹೊಸ ಡಿಸ್ಕ್‌ಗೆ ಡಿ ಎಂಬ ಅಕ್ಷರ ಬಂದಿದೆ ಎನ್ನಿ. ಆ ಡಿ ಡ್ರೈವನ್ನೇ ನೇರವಾಗಿ ತೋರಿಸಬೇಡಿ. ಮೊದಲು ಡಿ ಒಳಗೆ ‘ಪಿಕ್ಚರ್ಸ್’ ಎಂಬ ಫೋಲ್ಡರ್ ಮಾಡಿ ಅದನ್ನು ತೋರಿಸಿ. ಇಲ್ಲದಿದ್ದರೆ ಇಡೀ ಡ್ರೈವೇ ಪಿಕ್ಚರ್ಸ್ ಆಗಿಬಿಡುತ್ತದೆ, ಹಿಂದಕ್ಕೆ ತರುವುದು ತಲೆನೋವು. ಬೇರೆ ಫೈಲ್‌ಗಳನ್ನು ಕಟ್ ಮಾಡದೆ ಕಾಪಿ ಮಾಡಿ, ನಾಲ್ಕಾರು ತೆರೆದು ನೋಡಿ, ಆಮೇಲೆ ಹಳೆಯದನ್ನು ಅಳಿಸಿ. ಪ್ರೋಗ್ರಾಮ್ ಫೈಲ್ಸ್ ಫೋಲ್ಡರನ್ನು ಮಾತ್ರ ಎಳೆದು ಹಾಕಬೇಡಿ, ತಂತ್ರಾಂಶಗಳು ಕೆಲಸ ನಿಲ್ಲಿಸುತ್ತವೆ.

ಎರಡೂ ಡಿಸ್ಕ್‌ನಲ್ಲಿ ಒಂದೊಂದು ಪ್ರತಿ ಇದ್ದರೆ ಬ್ಯಾಕಪ್ ಆಯಿತು ಎಂದುಕೊಳ್ಳುವವರೇ ಹೆಚ್ಚು. ಆದರೆ ಎರಡು ಡಿಸ್ಕ್‌ಗೂ ಒಂದೇ ಎಸ್‌ಎಂಪಿಎಸ್. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯಲ್ಲಿ ಸಿಡಿಲಿನ ಹೊಡೆತ ಲೈನಿಗೆ ಬಂದರೆ ಎರಡೂ ಒಟ್ಟಿಗೆ ಹೋಗುತ್ತವೆ. ಮುಖ್ಯವಾದವುಗಳ ಒಂದು ಪ್ರತಿ ಯುಎಸ್‌ಬಿ ಡಿಸ್ಕ್‌ನಲ್ಲಿ, ಪ್ಲಗ್ ಕಿತ್ತು ಬೀರುವಿನಲ್ಲಿರಲಿ.

ಕಾಣದಿದ್ದರೆ, ಕಂಡು ಮಾಯವಾದರೆ

ಬಯೋಸ್‌ನಲ್ಲೇ ಇಲ್ಲ: ಡಿಸ್ಕ್ ಮೇಲೆ ಕೈಯಿಟ್ಟು ನೋಡಿ, ಅದುರು ಇಲ್ಲದಿದ್ದರೆ ಕರೆಂಟ್ ಬರುತ್ತಿಲ್ಲ. ಅದುರಿದರೆ ಡೇಟಾ ಕೇಬಲ್ ಬದಲಿಸಿ, ಬೇರೆ ಪೋರ್ಟ್ ನೋಡಿ. ಮದರ್‌ಬೋರ್ಡ್‌ನಲ್ಲಿ ಎಂ.2 ಎಸ್‌ಎಸ್‌ಡಿ (ಕೇಬಲ್ ಇಲ್ಲದೆ ಬೋರ್ಡ್‌ಗೇ ಕೂರುವ ಬಗೆ) ಇದ್ದರೆ ಕೆಲವು ಬೋರ್ಡ್‌ಗಳಲ್ಲಿ ಒಂದೆರಡು ಸಾಟಾ ಪೋರ್ಟ್ ತಾವಾಗಿಯೇ ನಿಲ್ಲುತ್ತವೆ. ಯಾವುವೆಂದು ಬೋರ್ಡ್‌ನ ಕೈಪಿಡಿಯಲ್ಲಿರುತ್ತದೆ.

ಕೆಲಸದ ನಡುವೆ ಮಾಯವಾಗುತ್ತದೆ: ಕ್ರಿಸ್ಟಲ್ ಡಿಸ್ಕ್ ಇನ್ಫೊ ಎಂಬ ಉಚಿತ ತಂತ್ರಾಂಶದಲ್ಲಿ ಸಿಆರ್‌ಸಿ ಎರರ್ ಎಣಿಕೆ ನೋಡಿ. ಅದು ಏರುತ್ತಿದ್ದರೆ ಮೊದಲ ಅನುಮಾನ ಡೇಟಾ ಕೇಬಲ್ ಮೇಲೆ. ಬದಲಿಸಿದ ಮೇಲೂ ಹಳೆಯ ಅಂಕಿ ಇಳಿಯುವುದಿಲ್ಲ, ಏರುವುದು ನಿಂತರೆ ಸಾಕು. ಅದರಲ್ಲೇ ಡಿಸ್ಕ್‌ನ ಕೆಟ್ಟ ಜಾಗಗಳನ್ನು ಎಣಿಸುವ ರೀಅಲೊಕೇಟೆಡ್ ಸೆಕ್ಟರ್ ಮತ್ತು ಪೆಂಡಿಂಗ್ ಸೆಕ್ಟರ್ ಸೊನ್ನೆ ಇರಬೇಕು, ಆಗತಾನೆ ಕೊಂಡ ಡಿಸ್ಕ್‌ನಲ್ಲಿ ಪವರ್ ಆನ್ ಅವರ್ಸ್ ಒಂದಂಕಿ ಎರಡಂಕಿಯಲ್ಲಿರಬೇಕು. ಸಾವಿರಗಟ್ಟಲೆ ಗಂಟೆ ತೋರಿಸಿದರೆ ನಿಮಗೆ ಕೊಟ್ಟಿರುವುದು ಬಳಸಿದ ಡಿಸ್ಕ್. ಆ ಪರದೆಯ ಫೋಟೊ ತೆಗೆದುಕೊಂಡೇ ಅಂಗಡಿಗೆ ಹೋಗಿ.

ಟಕ್ ಟಕ್ ಎಂದು ಒಂದೇ ಲಯದಲ್ಲಿ ಬಡಿಯುತ್ತಿದೆ: ಬೇರೆ ಪವರ್ ಕನೆಕ್ಟರ್‌ಗೆ ಹಾಕಿ ನೋಡಿ. ಆಗಲೂ ನಿಲ್ಲದಿದ್ದರೆ ಒಳಗೆ ಓದಿ ಬರೆಯುವ ಹೆಡ್ ಕೆಟ್ಟಿರಬಹುದು, ಮತ್ತೆ ಮತ್ತೆ ಆನ್ ಮಾಡಬೇಡಿ. ಅದು ಬಂದಿದ್ದ ಸ್ಟ್ಯಾಟಿಕ್ ನಿರೋಧಕ ಕವರಿಗೆ ಹಾಕಿ, ಬಿಲ್ ಜತೆ ಹಿಂದಿರುಗಿಸಿ. ಆ ಕವರನ್ನೂ ಪೆಟ್ಟಿಗೆಯನ್ನೂ ಹದಿನೈದು ದಿನ ರದ್ದಿಗೆ ಹಾಕದಿರುವುದು ಇದಕ್ಕಾಗಿಯೇ.