ಡ್ರೈ ಮ್ಯಾನಿಕ್ಯೂರ್: ಉಗುರಿನ ಬುಡಕ್ಕೆ ಡ್ರಿಲ್ ಹಿಡಿಯುವ ಮೊದಲು

ತುಳಸಿ ಲಗ್ನ ಮುಗಿಯಿತೆಂದರೆ ನಮ್ಮ ಕಡೆ ಮದುವೆಗಳು ಶುರು. ಪಾರ್ಲರ್‌ಗಳಲ್ಲಿ ಮುಖ, ಕೂದಲಿನ ಜೊತೆ ಈಗ ಉಗುರಿನ ಸರದಿಯೂ ಬಂದಿದೆ. ಮೊದಲೆಲ್ಲ ಬೆಚ್ಚಗಿನ ಸೋಪಿನ ನೀರಲ್ಲಿ ಕೈ ಅದ್ದಿಸಿ ಕೂರಿಸುತ್ತಿದ್ದರು. ಈಗ ಕಾರವಾರದಲ್ಲೂ ಶಿರಸಿಯಲ್ಲೂ ಹುಡುಗಿಯರು ಡ್ರೈ ಮ್ಯಾನಿಕ್ಯೂರ್ ಕೇಳುತ್ತಾರೆ. ಇದರಲ್ಲಿ ನೀರಿಲ್ಲ. ಕೈಯಲ್ಲಿ ಹಿಡಿಯುವ ಸಣ್ಣ ಡ್ರಿಲ್, ಅದರ ತುದಿಗೆ ತಿರುಗುವ ಬಿಟ್ (ಉಜ್ಜುವ ಸಣ್ಣ ಲೋಹದ ತುಂಡು). ಅದರಿಂದ ಉಗುರಿನ ಬುಡದ ಸತ್ತ ಪೊರೆ ಉಜ್ಜಿ ತೆಗೆಯುವುದು, ಅಷ್ಟೇ.

ಕೆಲಸ ಚೆನ್ನಾಗಿ ಬಂದರೆ ಪಾಲಿಶ್ ಉಗುರಿನ ಬುಡದವರೆಗೂ ನೀಟಾಗಿ ಕೂರುತ್ತದೆ. ಕೆಟ್ಟರೆ ಉಗುರುಸುತ್ತು. ಮಳೆಗಾಲವೇ ನಾಲ್ಕು ತಿಂಗಳು, ಉಳಿದ ದಿನ ಮೀನು, ತೋಟ, ಕೊಟ್ಟಿಗೆ, ಪಾತ್ರೆ ಅಂತ ಕೈ ಸದಾ ಒದ್ದೆ ಇರುವ ಜಿಲ್ಲೆ ನಮ್ಮದು. ಇಲ್ಲಿ ಈ ಕೆಲಸ ಕಲಿಯುವವರು ಮೊದಲು ತಿಳಿಯಬೇಕಾದ್ದು ಎಲ್ಲಿ ನಿಲ್ಲಿಸಬೇಕು ಎಂಬುದನ್ನು.

ತೆಗೆಯಬೇಕಾದ್ದು ಯಾವುದು?

ಉಗುರಿನ ಬುಡವನ್ನು ಬೆಳಕಿನಲ್ಲಿ ಹಿಡಿದು ನೋಡಿ. ಉಗುರಿನ ಮೇಲೆ ಮಡಚಿ ನಿಂತ ಚರ್ಮ ಕಾಣುತ್ತದೆ. ಅದಕ್ಕೆ ಜೀವವಿದೆ, ಕೊಯ್ದರೆ ರಕ್ತ ಬರುತ್ತದೆ. ಅದರ ಅಡಿಯಿಂದ ಹೊರಟು ಉಗುರಿಗೆ ಅಂಟಿಕೊಂಡು ಮುಂದೆ ಬರುವ ತೆಳು ಪೊರೆ ಇನ್ನೊಂದು. ಒಣಗಿದ ಹಲಸಿನ ಬೇಳೆಯ ಮೇಲೆ ಬಿಳಿ ಸಿಪ್ಪೆ ಅಂಟಿರುತ್ತದಲ್ಲ, ಸುಮಾರು ಹಾಗೆ. ಅದು ಸತ್ತ ಚರ್ಮ. ಕ್ಯೂಟಿಕಲ್ ಅಂದರೆ ಅದೇ. ಡ್ರಿಲ್‌ಗೆ ಕೆಲಸ ಇರುವುದು ಆ ಪೊರೆಯ ಮೇಲೆ ಮಾತ್ರ.

ಚರ್ಮಕ್ಕೂ ಉಗುರಿಗೂ ನಡುವಿನ ಸಂದನ್ನು ಮುಚ್ಚಿಡುವುದು ಇವೆರಡೂ ಸೇರಿ. ಆ ಮುಚ್ಚಿಗೆ ಹೋದರೆ ನೀರು, ಸೋಪು, ಫಂಗಸ್, ಬ್ಯಾಕ್ಟೀರಿಯಾ ಎಲ್ಲಕ್ಕೂ ದಾರಿ ತೆರೆದಂತೆ. ಅಮೆರಿಕದ ಚರ್ಮವೈದ್ಯರ ಅಕಾಡೆಮಿಯಂತೂ ಕ್ಯೂಟಿಕಲ್ ಕತ್ತರಿಸಲೇಬೇಡಿ ಅನ್ನುತ್ತದೆ. ಪಾರ್ಲರ್ ನಡೆಸುವವರಿಗೆ ಇದು ಹಿಡಿಸದ ಮಾತು. ಆದರೆ ಅದನ್ನು ಪೂರ್ತಿ ತಳ್ಳಿಹಾಕುವಂತೆಯೂ ಇಲ್ಲ. ಉಗುರಿನ ಮೇಲೆ ಕಣ್ಣಿಗೆ ಕಾಣುವ ಸತ್ತ ಪೊರೆಯನ್ನಷ್ಟೇ ತೆಗೆದು ಚರ್ಮದ ಅಂಚನ್ನು ಇದ್ದ ಹಾಗೇ ಬಿಡುವುದು ನಡುವಿನ ದಾರಿ. ಇಲ್ಲಿ ಹೇಳುತ್ತಿರುವುದು ಅದನ್ನೇ. ಚರ್ಮವನ್ನು ಎತ್ತಿ, ಸುತ್ತಲೂ ಕತ್ತರಿಯಿಂದ ಒಂದೇ ಎಳೆಯಾಗಿ ಕತ್ತರಿಸಿ ತೆಗೆಯುವ ವಿಡಿಯೋಗಳು ನೋಡಲು ಚಂದ. ಅದನ್ನು ಇಲ್ಲಿ ಕಲಿಸುತ್ತಿಲ್ಲ.

ಇನ್ನೊಂದು ವಿಷಯ. ಆ ಮಡಚಿದ ಚರ್ಮದ ಕೆಳಗೆ ಉಗುರು ಹುಟ್ಟುವ ಜಾಗವಿದೆ. ಹೆಬ್ಬೆರಳಲ್ಲಿ ಬಿಳಿಯಾಗಿ ಕಾಣುವ ಅರ್ಧಚಂದ್ರ ಅದರ ಮುಂಭಾಗ. ಅಲ್ಲಿ ಪೆಟ್ಟಾದರೆ ಬೆಳೆದು ಬರುವ ಉಗುರಿನಲ್ಲೇ ತಗ್ಗು, ಗೆರೆ ಬೀಳುತ್ತದೆ. ಕೈಬೆರಳಿನ ಉಗುರು ತಿಂಗಳಿಗೆ ಹೆಚ್ಚು ಕಡಿಮೆ 3 ಮಿಲಿಮೀಟರ್ ಬೆಳೆಯುತ್ತದೆ. ಬುಡದಿಂದ ತುದಿ ಮುಟ್ಟಲು ಆರು ತಿಂಗಳು ಬೇಕು. ಚೌತಿ ಹಬ್ಬಕ್ಕೆ ಬಿದ್ದ ಗೆರೆ ಸುಗ್ಗಿ ಹುಣ್ಣಿಮೆವರೆಗೂ ಕೈಯಲ್ಲೇ ಇರುತ್ತದೆ.

ಯಾರಿಗೆ ಮಾಡಬಾರದು

ಕುರ್ಚಿಯಲ್ಲಿ ಕೂರಿಸುವ ಮೊದಲೇ ಕೇಳಿಬಿಡಿ. ಶುಗರ್ ಇದೆಯಾ? ರಕ್ತ ತೆಳು ಮಾಡುವ ಮಾತ್ರೆ ತಗೊಳ್ತೀರಾ? ಸೋರಿಯಾಸಿಸ್ ಇದೆಯಾ? ಇದೆ ಅಂದರೆ ಡ್ರಿಲ್ ಬೇಡ, ಬರೀ ಆಕಾರ ಕೊಟ್ಟು ಪಾಲಿಶ್ ಮಾಡಿ, ಕೊನೆಗೆ ಎಣ್ಣೆ ಹಚ್ಚಿ ಕಳಿಸಿ. ಉಗುರು ಹಳದಿಯಾಗಿ ದಪ್ಪವಾಗಿದ್ದರೆ, ಬುಡ ಕೆಂಪಾಗಿ ಊದಿದ್ದರೆ ಚರ್ಮದ ಡಾಕ್ಟರ್ ಹತ್ತಿರ ಕಳಿಸಬೇಕು.

ಮೀನು ಹೆಚ್ಚುವ, ಮಾರುವ ಕೆಲಸದವರು, ಹೋಟೆಲ್‌ನಲ್ಲಿ ಪಾತ್ರೆ ತೊಳೆಯುವವರು ಬಂದರೆ ಇನ್ನೂ ಎಚ್ಚರ. ಇಡೀ ದಿನ ನೀರಲ್ಲಿರುವ ಕೈಗಳಲ್ಲಿ ಬುಡದ ಚರ್ಮ ಉಬ್ಬಿ, ಪೊರೆ ತಾನೇ ಕಾಣೆಯಾಗಿರುತ್ತದೆ. ಅದು ಬಹಳ ದಿನದಿಂದ ಒಳಗೇ ಇರುವ ಉಗುರುಸುತ್ತಿನ ಲಕ್ಷಣ. ಅಲ್ಲಿ ತೆಗೆಯಲು ಏನೂ ಉಳಿದಿಲ್ಲ. ‘ಅಕ್ಕಾ, ಮಗಳ ಮದುವೆ, ಒಂದು ಸಲ ಮಾಡ್ಬಿಡಿ’ ಅಂದರೂ ಬೇಡ ಅನ್ನುವ ಧೈರ್ಯ ಇರಲಿ.

ಮೆಷಿನ್ ಮತ್ತು ಬಿಟ್

ಒಳ್ಳೆಯ ಮೆಷಿನ್ ನಿಮಿಷಕ್ಕೆ 30,000ದಿಂದ 35,000 ಸುತ್ತು ತಿರುಗುತ್ತದೆ. ಕ್ಯೂಟಿಕಲ್‌ಗೆ ಅಷ್ಟು ಬೇಕಿಲ್ಲ. ಕಲಿಯುವವರಿಗೆ 5,000ದಿಂದ 8,000 ಸಾಕು, ಕೈ ಪಳಗಿದ ಮೇಲೆ 10,000ದ ಆಸುಪಾಸು. ನೋಡಬೇಕಾದ್ದು ಎರಡು ಗುಣ. ಕಡಿಮೆ ವೇಗದಲ್ಲೂ ನಿಲ್ಲದೆ ತಿರುಗಬೇಕು, ನಡುಗಬಾರದು. ಆನ್‌ಲೈನಲ್ಲಿ ಅಗ್ಗಕ್ಕೆ ಸಿಗುವ ಯುಎಸ್‌ಬಿ ಪೆನ್ ಡ್ರಿಲ್‌ಗಳಲ್ಲಿ ಅನೇಕ ಇಲ್ಲೇ ಸೋಲುತ್ತವೆ. ಬಿಟ್ ಹಾಕಿ ತಿರುಗಿಸಿದಾಗ ತುದಿ ಮಸುಕಾಗಿ ಅಗಲವಾಗಿ ಕಂಡರೆ ಬಿಟ್ ಬಾಗಿದೆ, ಇಲ್ಲವೇ ಹಿಡಿ ಸಡಿಲವಾಗಿದೆ. ಅದನ್ನು ಯಾರ ಕೈಗೂ ತಾಗಿಸಬೇಡಿ.

ಕರೆಂಟಿನ ಮೆಷಿನ್ ಇದ್ದವರಿಗೆ ಇನ್ನೊಂದು ಮಾತು. ಕೆಲಸದ ನಡುವೆ ಕರೆಂಟ್ ಹೋದರೆ ಮೊದಲು ಬಿಟ್ಟನ್ನು ಬೆರಳಿನಿಂದ ದೂರ ಮಾಡಿ, ವೇಗದ ಗುಂಡಿಯನ್ನು ಸೊನ್ನೆಗೆ ತನ್ನಿ. ಇಲ್ಲದಿದ್ದರೆ ಕರೆಂಟ್ ಬಂದ ಕೂಡಲೇ ಅದು ತಾನಾಗಿ ತಿರುಗಲು ಶುರು ಮಾಡೀತು. ಮಳೆಗಾಲದಲ್ಲಿ ಬ್ಯಾಟರಿ ಮೆಷಿನ್ನೇ ಮೇಲು.

ಬಿಟ್‌ಗಳ ಕುತ್ತಿಗೆಯಲ್ಲಿ ಬಣ್ಣದ ಪಟ್ಟಿ ಇರುತ್ತದೆ. ಡೈಮಂಡ್ ಬಿಟ್‌ಗಳಲ್ಲಿ ಸಾಮಾನ್ಯವಾಗಿ ಹಳದಿ ಅತಿ ನಯ, ಕೆಂಪು ನಯ, ನೀಲಿ ಮಧ್ಯಮ, ಹಸಿರು ಒರಟು. ಈ ಕೆಲಸಕ್ಕೆ ಹಳದಿ ಅಥವಾ ಕೆಂಪು ಪಟ್ಟಿಯ ಫ್ಲೇಮ್ ಬಿಟ್ (ದೀಪದ ಕುಡಿಯಂತೆ ತುದಿ ಚೂಪಾದದ್ದು) ಒಂದು, ಸಣ್ಣ ಬಾಲ್ ಬಿಟ್ (ತುದಿ ಗುಂಡಗಿರುವುದು) ಒಂದು ಇದ್ದರೆ ಆಯಿತು. ಹನ್ನೆರಡು ಬಿಟ್‌ಗಳ ಸೆಟ್ ಸುಮ್ನೆ ದುಡ್ಡು ದಂಡ. ಹಳೆ ಜೆಲ್ (ದೀಪದ ಬೆಳಕಿನಲ್ಲಿ ಗಟ್ಟಿಯಾಗುವ ಪಾಲಿಶ್) ತೆಗೆಯುವ ಕಾರ್ಬೈಡ್ ಬಿಟ್ ಹಲ್ಲಿರುವ ಜಾತಿಯದು, ಚರ್ಮದ ಹತ್ತಿರ ತರಲೇಬಾರದು.

ಹಂತ 1: ಕೈ ಪೂರ್ತಿ ಒಣಗಲಿ

ನೀರು ಕುಡಿದ ಉಗುರು ಸ್ವಲ್ಪ ಹಿಗ್ಗುತ್ತದೆ. ಅದರ ಮೇಲೆ ಪಾಲಿಶ್ ಹಚ್ಚಿದರೆ, ಉಗುರು ಒಣಗಿ ಕುಗ್ಗಿದಾಗ ಪಾಲಿಶ್ ಏಳುತ್ತದೆ. ಒದ್ದೆ ಚರ್ಮ ಮೆತ್ತಗಾಗಿ ಸತ್ತದ್ದು ಯಾವುದು, ಜೀವ ಇರುವುದು ಯಾವುದು ಗೊತ್ತಾಗುವುದಿಲ್ಲ, ಬಿಟ್‌ಗೂ ಸಿಕ್ಕಿಕೊಳ್ಳುತ್ತದೆ. ಒಣ ಚರ್ಮದಲ್ಲಿ ಪೊರೆ ಬೆಳ್ಳಗೆ ಎದ್ದು ಕಾಣುತ್ತದೆ. ಒಣದಾಗಿ ಮಾಡುವುದರ ಲಾಭ ಅದೇ.

ಇಬ್ಬರೂ ಸೋಪಿನಿಂದ ಕೈ ತೊಳೆದು, ಒರೆಸಿ, ಒಣಗುವವರೆಗೆ ಕಾಯಿರಿ. ಹ್ಯಾಂಡ್ ಕ್ರೀಮ್, ಎಣ್ಣೆ ಏನೂ ಬೇಡ. ಕಾರವಾರದ ಮೇ ತಿಂಗಳ ಸೆಕೆಯಲ್ಲಿ ಕೈ ಬೆವರುತ್ತಲೇ ಇರುತ್ತದೆ, ಫ್ಯಾನ್ ಹಾಕಿದರೆ ಧೂಳು ಮುಖಕ್ಕೆ ಹೊಡೆಯುತ್ತದೆ. ಎಸಿ ಇಲ್ಲದಿದ್ದರೆ ಬೆಳಿಗ್ಗೆ ಹೊತ್ತು ಕೆಲಸ ಇಟ್ಟುಕೊಳ್ಳಿ. ಬೆರಳು ಬೆವರಿದಾಗೆಲ್ಲ ನಿಲ್ಲಿಸಿ, ಸ್ಪಿರಿಟ್ ಹಾಕಿದ ಹತ್ತಿಯಿಂದ ಒರೆಸಿ ಮುಂದುವರಿಸಿ. ಮಾಸ್ಕ್, ಕನ್ನಡಕ ಕಡ್ಡಾಯ. ಉಗುರಿನ ಧೂಳು ಬಹಳ ಸಣ್ಣ, ದಿನವಿಡೀ ಉಸಿರಾಡುವುದು ನೀವು ತಾನೇ?

ಹಂತ 2: ಪುಷರ್‌ನಿಂದ ಎತ್ತುವುದು

ಪುಷರ್ (ಚರ್ಮ ಹಿಂದೆ ಸರಿಸುವ ಮೊಂಡು ತುದಿಯ ಸಲಕರಣೆ) ಅಥವಾ ಮರದ ಕಡ್ಡಿಯಿಂದ ಚರ್ಮವನ್ನು ಮೆಲ್ಲಗೆ ಹಿಂದೆ ಸರಿಸಿ. ಒತ್ತಿದರೆ ಕೆಳಗಿರುವ ಉಗುರು ಹುಟ್ಟುವ ಜಾಗಕ್ಕೇ ಪೆಟ್ಟು. ಪೊರೆ ಅಷ್ಟಿಷ್ಟು ಏಳುತ್ತದೆ, ಎದ್ದಷ್ಟು ಸಾಕು. ಗಿರಾಕಿ ಕೈ ಎಳೆದುಕೊಂಡರೆ ಜಾಸ್ತಿ ಒತ್ತಿದಿರಿ ಅಂತ ಅರ್ಥ.

ಹಂತ 3: ಫ್ಲೇಮ್ ಬಿಟ್

ಕೈ ಹಿಡಿಯುವುದರಿಂದ ಶುರು. ನಿಮ್ಮ ಎಡಗೈಯಿಂದ ಗಿರಾಕಿಯ ಬೆರಳನ್ನು ಹಿಡಿದು, ಹೆಬ್ಬೆರಳಿನಿಂದ ಬುಡದ ಚರ್ಮವನ್ನು ಸ್ವಲ್ಪ ಹಿಂದಕ್ಕೆ ಎಳೆದು ಹಿಡಿಯಿರಿ. ಡ್ರಿಲ್ ಹಿಡಿದ ಕೈಯ ಕಿರುಬೆರಳು ಗಿರಾಕಿಯ ಕೈ ಮೇಲೋ ಮೇಜಿನ ಮೇಲೋ ಊರಿರಲಿ. ಗಾಳಿಯಲ್ಲಿ ತೇಲುವ ಕೈ ಒಂದಲ್ಲ ಒಂದು ಸಲ ಜಾರುತ್ತದೆ.

ಬಿಟ್ಟನ್ನು ಉಗುರಿನ ಮೇಲೆ ಮಲಗಿಸಿ. ಅದರ ಹೊಟ್ಟೆ ಉಗುರಿಗೆ ತಾಗಬೇಕು, ಚೂಪು ತುದಿ ಊರಬಾರದು. ಹೊಸಬರು ಡ್ರಿಲ್‌ನ ಹಿಂಭಾಗ ಎತ್ತಿಬಿಡುತ್ತಾರೆ, ಆಗ ತುದಿ ಉಗುರನ್ನು ಕೊರೆಯುತ್ತದೆ. ಬುಡದ ಸುತ್ತ ಕೆಂಪು ಉಂಗುರದ ಹಾಗೆ ಗಾಯ ಬೀಳುವುದು ಹೀಗೆ. ಉಗುರಿನ ದಪ್ಪ ಅರ್ಧ ಮಿಲಿಮೀಟರ್ ಆಸುಪಾಸು ಅಷ್ಟೇ, ಅದನ್ನು ಸವೆಸಲು ಬಹಳ ಹೊತ್ತು ಬೇಕಿಲ್ಲ.

ಇನ್ನು ದಿಕ್ಕು. ಹೆಚ್ಚಿನವರು ತಪ್ಪುವುದು ಇಲ್ಲೇ, ಕಲಿಸುವವರೂ ಇದನ್ನು ಅವಸರದಲ್ಲಿ ದಾಟಿಬಿಡುತ್ತಾರೆ. ಬಿಟ್ ತಿರುಗುವಾಗ ತಾನೇ ಒಂದು ಪಕ್ಕಕ್ಕೆ ಓಡಲು ನೋಡುತ್ತದೆ. ಅದು ಓಡುವ ಕಡೆಗೇ ನೀವೂ ಹೋದರೆ ಹಿಡಿತ ತಪ್ಪಿ ಚರ್ಮಕ್ಕೆ ಹಾರುತ್ತದೆ. ಯಾವಾಗಲೂ ಅದರ ಎದುರು ದಿಕ್ಕಿಗೆ ಸಾಗಬೇಕು. ಯಾವ ಕಡೆ ಓಡುತ್ತದೆ ಅಂತ ತಿಳಿಯಲು ಪ್ಲಾಸ್ಟಿಕ್ ಉಗುರಿನ ಮೇಲೆ ಕಡಿಮೆ ವೇಗದಲ್ಲಿ ತಾಗಿಸಿ ನೋಡಿ. ಬಲಕ್ಕೆ ಓಡಿದರೆ ನೀವು ಬಲದಿಂದ ಎಡಕ್ಕೆ ಸಾಗಿ. ಎಡದಿಂದ ಬಲಕ್ಕೆ ಬರಬೇಕಾದಾಗ ಮೆಷಿನ್ ಪೂರ್ತಿ ನಿಲ್ಲಿಸಿ, ದಿಕ್ಕಿನ ಬಟನ್ ಬದಲಿಸಿ. ತಿರುಗುತ್ತಿರುವಾಗಲೇ ಬದಲಿಸಿದರೆ ಮೋಟಾರೂ ಹಾಳು.

ಭಾರ ಹಾಕಬೇಡಿ, ಡ್ರಿಲ್‌ನ ತೂಕವೇ ಸಾಕು. ಬುಡದ ಅಂಚಿನಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಗುರವಾಗಿ ಸಾಗಿ, ಎತ್ತಿ, ಮತ್ತೆ ಸಾಗಿ. ಒಂದೇ ಜಾಗದಲ್ಲಿ ಬಿಟ್ ನಿಲ್ಲಬಾರದು, ನಿಂತರೆ ಬಿಸಿ ಏರುತ್ತದೆ. ‘ಬಿಸಿ ಆದ್ರೆ ತಕ್ಷಣ ಹೇಳಿ’ ಅಂತ ಮೊದಲೇ ಹೇಳಿಟ್ಟಿರಿ. ನಮ್ಮ ಕಡೆಯ ಹೆಂಗಸರು ಸಂಕೋಚದಿಂದ ನೋವು ತಡೆದುಕೊಂಡು ಕೂರುತ್ತಾರೆ, ಹಾಗಾಗಿ ನಡುನಡುವೆ ನೀವೇ ಕೇಳಿ.

ಬಿಳಿ ಪುಡಿ ಬರುತ್ತಿದ್ದರೆ ಪೊರೆ ಹೋಗುತ್ತಿದೆ. ಉಗುರಿನ ಹೊಳಪು ಮಾಸಿ ಒರಟಾಗಿ ಕಂಡರೆ ಪೊರೆ ಮುಗಿದು ಉಗುರೇ ಸವೆಯುತ್ತಿದೆ. ಅಲ್ಲಿ ನಿಲ್ಲಿಸಿ. ಎರಡು ಮೂರು ಸುತ್ತಿನಲ್ಲಿ ಬಾರದ ಪೊರೆಯನ್ನು ಮುಂದಿನ ಸಲಕ್ಕೆ ಬಿಡಿ.

ಉಗುರಿನ ಎರಡು ಪಕ್ಕಗಳಲ್ಲಿ ಸಂದು ಕಿರಿದು. ಅಲ್ಲಿ ವೇಗ ಇನ್ನೂ ಇಳಿಸಿ, ಚರ್ಮವನ್ನು ಬೆರಳಿನಿಂದ ಆಚೆ ಸರಿಸಿಕೊಂಡು ಒಂದೇ ಸಲ ಸಾಗಿ.

ಶಿರಸಿ, ಸಿದ್ದಾಪುರದ ಕಡೆಯವರಿಗೆ ಒಂದು ಕಿವಿಮಾತು. ಮದುವೆ ಸೀಸನ್ನೂ ಅಡಿಕೆ ಸುಲಿಯುವ ಕಾಲವೂ ಒಟ್ಟಿಗೇ ಬರುತ್ತವೆ. ಹಸಿ ಅಡಿಕೆ ಸುಲಿದ ಕೈಯಲ್ಲಿ ಉಗುರಿನ ಸಂದಿಗೆಲ್ಲ ಕಂದು ಕಲೆ ಹಿಡಿದಿರುತ್ತದೆ. ಕಲೆ ಹೋಗುವವರೆಗೆ ಉಜ್ಜಲು ಹೋದರೆ ಉಗುರೇ ಹೋಗುತ್ತದೆ. ಕಲೆಯನ್ನು ಬಣ್ಣದಿಂದ ಮುಚ್ಚಿ, ಉಗುರು ಬೆಳೆದ ಹಾಗೆ ಅದೂ ಮುಂದೆ ಸರಿದು ಹೋಗುತ್ತದೆ.

ಹಂತ 4: ಬಾಲ್ ಬಿಟ್, ಬೇಕಾದರೆ ಮಾತ್ರ

ಚರ್ಮದ ಅಂಚಿನಲ್ಲಿ ಒಣ ಸಿಪ್ಪೆ ಎದ್ದಿದ್ದರೆ ನಯವಾದ ಬಾಲ್ ಬಿಟ್ಟನ್ನು 5,000 ಸುತ್ತಿನಲ್ಲಿ ಹಗುರವಾಗಿ ಆಡಿಸಿ ಸಮ ಮಾಡಬಹುದು. ಚರ್ಮ ಗುಲಾಬಿ ಬಣ್ಣಕ್ಕೆ ತಿರುಗುವ ಮೊದಲೇ ನಿಲ್ಲಿಸಬೇಕು. ಪಕ್ಕದಲ್ಲಿ ಸುಲಿದು ನೇತಾಡುವ ಸಿಪ್ಪೆ ಇದ್ದರೆ ಅದನ್ನು ಎಳೆಯದೆ, ಚರ್ಮ ಕತ್ತರಿಸುವ ಸಣ್ಣ ಚೂಪಾದ ನಿಪ್ಪರ್‌ನಿಂದ ಅಷ್ಟನ್ನೇ ಕತ್ತರಿಸಿ.

ಹಂತ 5: ಧೂಳು, ಪಾಲಿಶ್, ಎಣ್ಣೆ

ಮೆತ್ತಗಿನ ಬ್ರಷ್‌ನಿಂದ ಧೂಳು ತೆಗೆದು, ಉಗುರನ್ನು ಒರೆಸಿ, ಬಣ್ಣ ಹಚ್ಚಿ. ಜೆಲ್ ಪಾಲಿಶ್ ಆದರೆ ಚರ್ಮಕ್ಕೆ ತಾಗದಂತೆ ಕೂದಲೆಳೆ ಜಾಗ ಬಿಡಿ. ಪೂರ್ತಿ ಗಟ್ಟಿಯಾಗದ ಜೆಲ್ ಪದೇ ಪದೇ ಚರ್ಮಕ್ಕೆ ತಾಗಿದರೆ ಅಲರ್ಜಿ ಹತ್ತುತ್ತದೆ, ಒಮ್ಮೆ ಹತ್ತಿದರೆ ಬಿಡುವುದು ಕಷ್ಟ. ಕೊನೆಗೆ ಬುಡಕ್ಕೆ ಎಣ್ಣೆ. ಮನೆಯ ಕೊಬ್ಬರಿ ಎಣ್ಣೆಯೂ ನಡೆಯುತ್ತದೆ. ಮತ್ತೆ ಮೂರು ನಾಲ್ಕು ವಾರದವರೆಗೆ ಡ್ರಿಲ್ ಬೇಡ.

ಮನೆಯಲ್ಲೇ ಮಾಡಿಕೊಳ್ಳುವವರು ಎಡಗೈಯಿಂದ ಬಲಗೈಗೆ ಡ್ರಿಲ್ ಹಿಡಿಯುವ ಸಾಹಸಕ್ಕೆ ಹೋಗಬೇಡಿ. ಆ ಕೈಗೆ ಮರದ ಕಡ್ಡಿ ಸಾಕು.

ಬಿಟ್ ತೊಳೆಯುವುದು

ಒಬ್ಬರಿಗೆ ಬಳಸಿದ ಬಿಟ್ಟನ್ನು ಸ್ಪಿರಿಟ್‌ನಲ್ಲಿ ಒರೆಸಿ ಇನ್ನೊಬ್ಬರಿಗೆ ಬಳಸುವುದು ತಪ್ಪು. ಕಣ್ಣಿಗೆ ಕಾಣದಷ್ಟು ರಕ್ತ ಇದ್ದರೂ ಸಾಕು, ಹೆಪಟೈಟಿಸ್ ಬಿ ವೈರಸ್ ದೇಹದ ಹೊರಗೆ ಕನಿಷ್ಠ 7 ದಿನ ಬದುಕಿರುತ್ತದೆ. ಮೊದಲು ಬ್ರಷ್ ಹಾಕಿ ಸೋಪಿನ ನೀರಲ್ಲಿ ತೊಳೆಯಬೇಕು, ಧೂಳು ಕೂತಿದ್ದರೆ ಯಾವ ಔಷಧವೂ ಒಳಗೆ ಹೋಗದು. ಆಮೇಲೆ ಒಣಗಿಸಿ, ಪೌಚಿನಲ್ಲಿಟ್ಟು, ಒತ್ತಡದ ಹಬೆಯಿಂದ ರೋಗಾಣು ಕೊಲ್ಲುವ ಆಟೋಕ್ಲೇವ್‌ನಲ್ಲಿ 121 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ. ನೀಲಿ ಬೆಳಕಿನ ಯುವಿ ಪೆಟ್ಟಿಗೆ ಇದಕ್ಕೆ ಸಮ ಅಲ್ಲ. ಆಟೋಕ್ಲೇವ್ ಇಲ್ಲದ ಸಣ್ಣ ಪಾರ್ಲರ್‌ಗಳು ಪ್ರತಿ ಗಿರಾಕಿಗೂ ಅವರದೇ ಎರಡು ಬಿಟ್ ಇಟ್ಟು, ಡಬ್ಬಿಯ ಮೇಲೆ ಹೆಸರು ಬರೆದಿಡಬಹುದು. ತೊಳೆಯುವುದು ಆಗಲೂ ತಪ್ಪುವುದಿಲ್ಲ.

ಬ್ಲೀಚ್ ಬೇಡ, ಲೋಹ ತಿನ್ನುತ್ತದೆ. ಸಮುದ್ರದ ಗಾಳಿಯಲ್ಲಂತೂ ಒದ್ದೆ ಬಿಟ್‌ಗೆ ಬೇಗ ತುಕ್ಕು ಹಿಡಿಯುತ್ತದೆ. ತುಕ್ಕು ಕಂಡರೆ ಎಸೆಯಿರಿ.

ರಕ್ತ ಬಂದರೆ

ಮೆಷಿನ್ ನಿಲ್ಲಿಸಿ. ಗ್ಲೌಸ್ ಹಾಕಿ, ಸ್ವಚ್ಛ ಗಾಜ್ ಬಟ್ಟೆಯಿಂದ ಒತ್ತಿ ಹಿಡಿಯಿರಿ. ನಿಂತ ಮೇಲೆ ಸೋಪಿನ ನೀರಿನಿಂದ ತೊಳೆದು, ಆಂಟಿಸೆಪ್ಟಿಕ್ ಹಚ್ಚಿ, ಬ್ಯಾಂಡೇಜ್ ಸುತ್ತಿ. ಆ ಬೆರಳಿಗೆ ಅವತ್ತು ಜೆಲ್ ಇಲ್ಲ. ಬಿಟ್ಟನ್ನು ಪಕ್ಕಕ್ಕಿಡಿ. ಗಾಯ ಒಣಗುವವರೆಗೆ ಪಾತ್ರೆ ತೊಳೆಯುವಾಗ, ಮೀನು ಕೊಯ್ಯುವಾಗ ರಬ್ಬರ್ ಗ್ಲೌಸ್ ಹಾಕಲು ಹೇಳಿ.

ಎರಡು ಮೂರು ದಿನದಲ್ಲಿ ಬುಡ ಕೆಂಪಾಗಿ, ಊದಿ, ಮಿಡಿಯುವ ನೋವು ಬಂದರೆ ಅದು ಉಗುರುಸುತ್ತು. ಬೆರಳಿಗೆ ನಿಂಬೆಹಣ್ಣು ಸಿಕ್ಕಿಸಿಕೊಳ್ಳುವ ಮನೆಮದ್ದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಹರಿದ ಚರ್ಮಕ್ಕೆ ಆ ಹುಳಿ ಉರಿ ಹೆಚ್ಚಿಸುತ್ತದೆ ಅಷ್ಟೇ. ಶುರುವಿನಲ್ಲೇ ಆದರೆ ಬೆಚ್ಚಗಿನ ನೀರಿನಲ್ಲಿ ದಿನಕ್ಕೆ ಮೂರು ನಾಲ್ಕು ಸಲ ಹತ್ತು ಹದಿನೈದು ನಿಮಿಷ ಬೆರಳು ಅದ್ದಿ, ಪೂರ್ತಿ ಒರೆಸಿ. ಕೀವು ಕಂಡರೆ, ಜ್ವರ ಬಂದರೆ, ಕೆಂಪು ಮೇಲಕ್ಕೆ ಹರಡಿದರೆ ಅವತ್ತೇ ಡಾಕ್ಟರ್ ಹತ್ತಿರ ಹೋಗಬೇಕು. ಕೀವನ್ನು ನೀವೇ ಸೂಜಿಯಿಂದ ಚುಚ್ಚಬೇಡಿ. ಉಗುರಿಗೆ ಡ್ರಿಲ್ ಮಾಡಿಸಿಕೊಂಡಿದ್ದನ್ನು ಡಾಕ್ಟರಿಗೆ ಮರೆಯದೆ ಹೇಳಿ.