ಸ್ಕ್ರೀನ್‌ಶಾಟ್ ಮಾತ್ರ ಸಾಲದು: ಎಲೆಕ್ಟ್ರಾನಿಕ್ ಸಾಕ್ಷ್ಯದ ಕೆಲಸದಲ್ಲಿ ನನ್ನ ಅನುಭವ

ಕಕ್ಷಿದಾರರು ಫೋನ್ ಹಿಡಿದು ಬಂದ ಕೂಡಲೇ ನಾನು ಹೇಳುವುದು ಇಷ್ಟೇ: "ಇದರಲ್ಲಿ ಏನನ್ನೂ ಅಳಿಸಬೇಡಿ, ಹೊಸ ಫೋನಿಗೆ ಬದಲಾಯಿಸಬೇಡಿ." ಕೇಸಿನ ಕಥೆ ಆಮೇಲೆ. ಸಿಸಿಟಿವಿ ಇದ್ದರೆ ಆತುರ ಇನ್ನೂ ಜಾಸ್ತಿ. ಡಿಸ್ಕ್ ತುಂಬಿದರೆ ಹಳೆ ದೃಶ್ಯದ ಮೇಲೆಯೇ ಹೊಸದು ಬರೆದುಕೊಳ್ಳುತ್ತದೆ. ಹಾಗಾಗಿ ಉಳಿಸಿಡಿ ಎಂಬ ನೋಟಿಸು ಅವತ್ತೇ ಹೋಗಬೇಕು.

ನಾನು ವಕೀಲಿಕೆ ಶುರು ಮಾಡಿದ್ದು ಸಿವಿಲ್ ದಾವೆಗಳಿಂದ. 2014ರಲ್ಲಿ ಅನ್ವರ್ ವಿರುದ್ಧ ಬಷೀರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, 65ಬಿ ಸರ್ಟಿಫಿಕೇಟ್ (ಎಲೆಕ್ಟ್ರಾನಿಕ್ ದಾಖಲೆಯ ನಕಲು ಹೇಗೆ ತಯಾರಾಯಿತು ಅಂತ ದೃಢೀಕರಿಸುವ, ಹಳೆ ಸಾಕ್ಷ್ಯ ಕಾಯ್ದೆ ಕೇಳುತ್ತಿದ್ದ ಪತ್ರ) ಇಲ್ಲದ ಸಿಡಿಗಳನ್ನು ಸಾಕ್ಷ್ಯವಾಗಿ ಒಪ್ಪಲಿಲ್ಲ. ಗಟ್ಟಿ ಕೇಸೂ ಒಂದು ಕಾಗದವಿಲ್ಲದೆ ಬಿದ್ದುಹೋಗುತ್ತದೆ ಅಂತ ಆಗ ಮನವರಿಕೆಯಾಯಿತು. ಅಲ್ಲಿಂದ ಇದೇ ನನ್ನ ಕೆಲಸವಾಯಿತು. 2020ರ ಅರ್ಜುನ್ ಪಂಡಿತರಾವ್ ಖೋತ್ಕರ್ ತೀರ್ಪು ದಾರಿಯನ್ನು ಇನ್ನಷ್ಟು ಸ್ಪಷ್ಟ ಮಾಡಿತು. ಮೂಲ ಸಾಧನವನ್ನೇ ತಂದು ಅದರ ಮಾಲೀಕರು ಸಾಕ್ಷಿ ಹೇಳಿದರೆ ಸರ್ಟಿಫಿಕೇಟ್ ಬೇಡ. ನಕಲಿಗೆ ಬೇಕೇ ಬೇಕು. ಕೊಡಬೇಕಾದವರು ಕೊಡದಿದ್ದರೆ ಕೋರ್ಟಿಗೆ ಅರ್ಜಿ ಹಾಕಿ ತರಿಸಬಹುದು. ನನಗೆ ಅತಿ ಹೆಚ್ಚು ನೆರವಾಗಿರುವುದು ಈ ಕೊನೆಯ ಮಾತು.

2024ರ ಜುಲೈ 1ರಿಂದ ಹೊಸ ಸಾಕ್ಷ್ಯ ಕಾಯ್ದೆ ಬಂದಿದೆ. ಅದರ 63ನೇ ಸೆಕ್ಷನ್ ಪ್ರಕಾರ ಸರ್ಟಿಫಿಕೇಟಿಗೆ ಎರಡು ಭಾಗ. ಒಂದನ್ನು ದಾಖಲೆ ಹಾಜರುಪಡಿಸುವವರು ತುಂಬಬೇಕು, ಇನ್ನೊಂದನ್ನು ತಜ್ಞರು. ಎರಡರಲ್ಲೂ ಹ್ಯಾಶ್ ಮೌಲ್ಯ, ಅಂದರೆ ಫೈಲಿನಿಂದ ಲೆಕ್ಕ ಹಾಕಿ ತೆಗೆದ ಬೆರಳಚ್ಚಿನಂಥ ಸಂಕೇತ, ಬರೆಯಬೇಕು. ಫೈಲಿನೊಳಗೆ ಒಂದು ಚುಕ್ಕೆ ಬದಲಾದರೂ ಹ್ಯಾಶ್ ಪೂರ್ತಿ ಬೇರೆಯಾಗುತ್ತದೆ. ಅದಕ್ಕೇ ಮೊದಲ ನಕಲು ತೆಗೆಯುವಾಗಲೇ ಹ್ಯಾಶ್ ಬರೆಸಿಡುತ್ತೇನೆ. ಆಮೇಲೆ ಸುಮ್ನೆ ಒಂದು ಹ್ಯಾಶ್ ತೆಗೆದರೆ ನಡುವೆ ಏನೂ ಬದಲಾಗಿಲ್ಲ ಅಂತ ಹೇಗೆ ತೋರಿಸುವುದು?

ನಾನು ಹೆಚ್ಚು ಹೊತ್ತು ಕೂರುವುದು ಸಮಯದ ಲೆಕ್ಕದ ಮೇಲೆ. ಒಂದು ಒಪ್ಪಂದದಲ್ಲಿ ಮಾರ್ಚ್ 31ರೊಳಗೆ ನೋಟಿಸು ಕೊಡಬೇಕಿತ್ತು. ಎದುರು ಪಕ್ಷದವರು ಸರ್ವರ್ ದಾಖಲೆ ತಂದರು. ಅದರಲ್ಲಿ ಮಾರ್ಚ್ 31, 19:10 ಅಂತಲೇ ಇತ್ತು. ಆದರೆ ಅದು ಯುಟಿಸಿ, ಅಂದರೆ ಜಾಗತಿಕ ಪ್ರಮಾಣಿತ ಸಮಯ. ಐದೂವರೆ ಗಂಟೆ ಸೇರಿಸಿದರೆ ನಮ್ಮಲ್ಲಿ ಏಪ್ರಿಲ್ 1, ರಾತ್ರಿ 12:40. ಪಾಟೀಸವಾಲಿನಲ್ಲಿ ಕೇಳಿದ್ದು ಇದೊಂದನ್ನೇ. ಸಾಕ್ಷಿಯೇ ಕೂಡಿಸಿ ಉತ್ತರ ಹೇಳಿದರು. ಇಮೇಲ್ ಹೆಡರನ್ನು (ಸಂದೇಶ ಸಾಗಿ ಬಂದ ದಾರಿಯ ದಾಖಲೆ) ಕೆಳಗಿನಿಂದ ಮೇಲಕ್ಕೆ ಓದಬೇಕು, ಫೋಟೋ ವಾಟ್ಸಾಪ್‌ನಲ್ಲಿ ಸಾಮಾನ್ಯ ಫೋಟೋವಾಗಿ ಬಂದರೆ ಮೂಲ ಮೆಟಾಡೇಟಾ (ತೆಗೆದ ಸಮಯ, ಸ್ಥಳದಂಥ ಮಾಹಿತಿ) ಉಳಿಯುವುದಿಲ್ಲ, ಇಂಥವನ್ನೆಲ್ಲ ನಾನು ಕಲಿತದ್ದು ಫೊರೆನ್ಸಿಕ್ ಪರಿಣತರ ಪಕ್ಕ ಕೂತು, ಕೇಳಿ ಕೇಳಿ. ಇದಕ್ಕೆ ಎಂಜಿನಿಯರಿಂಗ್ ಓದಿರಬೇಕು ಅಂತಿಲ್ಲ. ನ್ಯಾಯಾಧೀಶರಿಗೆ ಸರಳವಾಗಿ ಹೇಳಲು ಬರಬೇಕು, ಅಷ್ಟೇ.

ಈ ಕೆಲಸಕ್ಕೆ ಬರುವ ಕಿರಿಯರಿಗೆ ಒಂದು ವಿಷಯ ಒತ್ತಿ ಹೇಳುತ್ತೇನೆ. ನಕಲು ತೆಗೆಯಲು ಬರುತ್ತದೆ ಅಂತ ನೀವೇ ತೆಗೆಯಬೇಡಿ. ತೆಗೆದವರನ್ನು ಎದುರು ವಕೀಲರು ಸಾಕ್ಷಿಯಾಗಿ ಕರೆಸಬಹುದು. ತಾನೇ ಸಾಕ್ಷಿಯಾಗಬೇಕಾಗಿ ಬರುವ ಕೇಸನ್ನು ವಕೀಲ ನಡೆಸಬಾರದು ಅಂತ ಬಾರ್ ಕೌನ್ಸಿಲ್ ನಿಯಮವೇ ಹೇಳುತ್ತದೆ ಅಲ್ವಾ? ನಾನು ಫೋನನ್ನು ಮುಟ್ಟುವುದೇ ಇಲ್ಲ. ಕಕ್ಷಿದಾರರೇ ಅದನ್ನು ತಜ್ಞರ ಕೈಗೆ ಕೊಟ್ಟು, ರಸೀದಿ ಪಡೆಯುತ್ತಾರೆ.